ಬರಲಾರದವರಿಗೊಂದು ಕಾಯುವ ಕೋಣೆ

ಯಶವಂತಪುರ
೨೧ ಫೆಬ್ರವರಿ ೧೯೮೪

ಡಾಕ್ಟರ್ ಮುರಿಗೆಪ್ಪನವರಿಗೆ ನೀಲಾಂಬಿಕೆಯ ಶರಣು.

‘ಪ್ರೀತಿಯ’ ಎಂಬ ಶಬ್ದವನ್ನು ಬೇಕೆಂತಲೇ ಬಿಟ್ಟಿದ್ದೇನೆ. ನಿಮ್ಮ ಕಾಗದ ಬೆಳಿಗ್ಗೆ ಬಂತು. ಓದಿದಾಗ ಏರಿದ ಸಿಟ್ಟು ಮಧ್ಯಾಹ್ನದ ಊಟವಾದರೂ ಇಳಿದಿಲ್ಲ. ಈ ಹೊತ್ತಿನಲ್ಲಿ ಪ್ರೀತಿಯ ಗೀತಿಯ ಎಂದು ಬರೆದರೆ ನೀವೂ ನಂಬುವುದಿಲ್ಲ, ನನಗೂ ನಗು ಬರುತ್ತದೆ.

ಅಭಿನಂದನೆ ಹೇಳಿದ್ದೀರಿ. ಮೆಣಸಿನಕಾಯಿ ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಬಂದಿದ್ದ ಇಲ್ಲಿನ ಮಂಡಿಯ ಸಿದ್ರಾಮಪ್ಪನವರು ನಿಮ್ಮ ನರ್ಸಿಂಗ್ ಹೋಮಿನಲ್ಲಿ ಕೂತು ಚಹಾ ಕುಡಿದು, ‘ನಿಮ್ಮ ಮನೆಯವರಿಗೆ ನಮ್ಮ ಟ್ರಸ್ಟಿನಿಂದ ಕಟ್ಟಡ ಕಟ್ಟಿಸಿ ಕೊಡಾಕತ್ತೀವ್ರಿ’ ಎಂದು ಹೇಳಿದರಂತೆ. ನಿಮಗೆ ಬಹಳ ಖುಷಿಯಾಯಿತಂತೆ. ಕೊನೆಗೂ ನಿನ್ನ ಕೆಲಸಕ್ಕೊಂದು ನೆಲೆ ಸಿಕ್ಕಿತು, ಕಣ್ಣು ಮುಚ್ಚಿ ಸಹಿ ಹಾಕು, ಮನೆಮನೆ ಅಲೆಯುವುದನ್ನು ಇನ್ನಾದರೂ ಬಿಡು, ಅದೂ ಬೇಡವಾದರೆ ಹುಬ್ಬಳ್ಳಿಗೆ ಬಾ, ನನ್ನ ಪಕ್ಕದ ಕೋಣೆ ಖಾಲಿಯೇ ಇದೆ ಎಂದು ಬರೆದಿದ್ದೀರಿ. ನಾವು ಬೇರೆಯಾಗಿ ಎರಡು ವರ್ಷವಾಯಿತು. ಇಷ್ಟು ದಿನಕ್ಕೆ ಒಂದು ಉದ್ದ ಕಾಗದ ಬರೆದಿರಿ, ಅದರಲ್ಲೂ ಉಪದೇಶ. ನನ್ನ ಹಣೆಬರಹ.

ಸಿದ್ರಾಮಪ್ಪನವರು ನಿಮಗೆ ಅರ್ಧ ಕಥೆ ಹೇಳಿದ್ದಾರೆ. ಉಳಿದರ್ಧ ನಾನು ಹೇಳುತ್ತೇನೆ, ಕೇಳಿ. ಇಷ್ಟುದ್ದ ಬರೆಯಲು ನನಗೆ ಪುರಸೊತ್ತು ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಡಿ.

ನೀವು ಈ ಮನೆ ಬಿಟ್ಟು ಹೊರಟಾಗ ನಾನು ಮನೆಗೆ ಹೋಗಿ ನೋಡುತ್ತಿದ್ದ ರೋಗಿಗಳು ನಾಲ್ಕೈದು ಮಂದಿ. ಈಗ ಮೂವತ್ತರ ಮೇಲಿದ್ದಾರೆ. ಬೆಳಿಗ್ಗೆ ಮನೆಯ ಕೆಳಗಿನ ದವಾಖಾನೆ ಮುಗಿಸಿ, ನಾನೂ ನರ್ಸ್ ಅಮೀನಾನೂ ನಮ್ಮ ಹಳೇ ಫಿಯೆಟ್ ಹತ್ತಿ ಹೊರಟರೆ ಹೆಬ್ಬಾಳ, ಆರ್.ಟಿ. ನಗರ, ಯಲಹಂಕ, ವಾರಕ್ಕೊಮ್ಮೆ ಚಿಕ್ಕಜಾಲ, ಬಾಗಲೂರು. ಪಾರ್ಶ್ವವಾಯು ಬಡಿದವರು, ಸೊಂಟ ಮುರಿದವರು, ಹಾಸಿಗೆ ಹುಣ್ಣಾಗಿ ಮಗ್ಗುಲು ಬದಲಿಸಲಾರದವರು. ಇವರ ಪಾಲಿಗೆ ಬೆಂಗಳೂರಿನಲ್ಲಿ ಎಷ್ಟು ದೊಡ್ಡ ಆಸ್ಪತ್ರೆಗಳಿದ್ದರೇನು, ಮಂಚದಿಂದ ಬಾಗಿಲವರೆಗೆ ಬರುವುದೇ ಕಾಶಿಗೆ ಹೋಗಿಬಂದ ಹಾಗೆ. ಮನೆಯವರು ಕೊಡುವುದು ಪೆಟ್ರೋಲಿಗೂ ಸಾಲುವುದಿಲ್ಲ, ಹೆಚ್ಚು ಕೇಳಲು ನನಗೆ ನಾಲಿಗೆ ಏಳುವುದಿಲ್ಲ. ಹೋದ ವರ್ಷ ಸಿದ್ರಾಮಪ್ಪನವರ ಟ್ರಸ್ಟ್ ಪೆಟ್ರೋಲು, ಅಮೀನಾಳ ಸಂಬಳ, ಹತ್ತಿ, ಬ್ಯಾಂಡೇಜು ಇಷ್ಟನ್ನು ವಹಿಸಿಕೊಂಡಿತು. ಆ ವ್ಯವಸ್ಥೆ ಈ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅವರು ಮುಂದುವರಿಸದಿದ್ದರೆ ಏಪ್ರಿಲ್‌ನಿಂದ ನಾನು ಯಾರ ಮನೆಗೂ ಹೋಗಲಾರೆ. ನನ್ನ ತಾಪತ್ರಯ ಇಷ್ಟೇ, ಇದನ್ನು ಯಾರಿಗೂ ತಿಳಿಸಿ ಹೇಳಲು ನನಗೆ ಆಗಲಿಲ್ಲ.

ಬೇರೆ ಕಡೆ ಪ್ರಯತ್ನಿಸಲಿಲ್ಲ ಎಂದು ತಿಳಿಯಬೇಡಿ. ಒಂದು ಸರ್ಕಾರಿ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದೆ. ಮಲೇರಿಯಾಕ್ಕೆ ದುಡ್ಡಿದೆ, ಕ್ಷಯಕ್ಕೆ ಇದೆ, ಕುಟುಂಬ ಯೋಜನೆಗಂತೂ ಕೇಳಿದಷ್ಟಿದೆ. ಮನೆಯಲ್ಲಿ ಮಲಗಿದವರು ಎಂಬ ಬಾಬತ್ತೇ ಅವರಲ್ಲಿಲ್ಲ. ಅಲ್ಲಿದ್ದ ಸಾಹೇಬರು ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ, ‘ನಿಮ್ಮ ಪೇಷಂಟ್‌ಗಳಲ್ಲಿ ಆಪರೇಷನ್‌ಗೆ ಬರೋರು ಯಾರಾದ್ರೂ ಇದ್ರೆ ಹೇಳಿ ಮೇಡಂ, ಈ ತಿಂಗಳ ಟಾರ್ಗೆಟ್ ಬಾಕಿ ಇದೆ’ ಎಂದರು. ಎಪ್ಪತ್ತು ದಾಟಿ ಹಾಸಿಗೆ ಹಿಡಿದ ನಮ್ಮ ಅಜ್ಜಿಯರ ಮುಖ ಕಣ್ಮುಂದೆ ಬಂದು ನಾನು ನಮಸ್ಕಾರ ಹೇಳಿ ಎದ್ದು ಬಂದೆ. ಆಮೇಲೊಂದು ಸೇವಾ ಸಂಘದವರು ಗಾಲಿಕುರ್ಚಿ ಕೊಟ್ಟರು. ಬೆನ್ನಿಗೆ ದಾನಿಗಳ ಹೆಸರು ದಪ್ಪಕ್ಷರದಲ್ಲಿ. ಅದನ್ನು ಮತ್ತೀಕೆರೆಯ ದಾನವ್ವನಿಗೆ ಕೊಟ್ಟೆ. ದಾನವ್ವ ಬಾದಾಮಿ ಕಡೆಯ ಮುದುಕಿ, ಮಗ ಗಡಿಯಾರದ ಕಾರ್ಖಾನೆಯಲ್ಲಿದ್ದಾನೆ, ಸೊಂಟ ಮುರಿದು ವರ್ಷಗಳಿಂದ ಒಳಕೋಣೆಯಲ್ಲಿ ಮಲಗಿದ್ದಾಳೆ. ಅವರ ಮನೆಯ ಬಾಗಿಲಿಗಿಂತ ಕುರ್ಚಿ ಅಗಲ. ಈಗ ಅದು ಅಂಗಳದಲ್ಲಿದೆ, ಸೊಸೆ ಅದರ ಮೇಲೆ ಸಂಡಿಗೆ ಒಣಗಿಸುತ್ತಾಳೆ.

ಹೀಗಿರುವಾಗ ಜನವರಿಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಗುರುಪಾದಪ್ಪನವರು ಬಂದರು. ಲೆಕ್ಕ ತಪಾಸಣೆಯಲ್ಲೇ ಜೀವ ಸವೆಸಿ ನಿವೃತ್ತರಾದವರು. ಒಳ್ಳೆಯ ಮನುಷ್ಯರು, ಟ್ರಸ್ಟಿನ ದುಡ್ಡನ್ನು ತಮ್ಮ ಮನೆಯ ದುಡ್ಡಿಗಿಂತ ಜೋಪಾನ ಮಾಡುವವರು. ಮಧ್ಯಾಹ್ನವೆಲ್ಲ ದವಾಖಾನೆಯ ಖಾಲಿ ಬೆಂಚನ್ನು ನೋಡುತ್ತ ಕೂತು, ನಾನು ಸುತ್ತಾಟ ಮುಗಿಸಿ ಬಂದ ಕೂಡಲೇ, ಪೇಷಂಟ್‌ಗಳು ಎಲ್ಲಿ ಎಂದು ಕೇಳಿದರು. ಅವರವರ ಮನೆಯಲ್ಲಿ ಎಂದೆ. ‘ಅದು ಸರಿಯಮ್ಮಾ, ಆದ್ರೆ ದಾಸ್ತಾನು ಕಣ್ಣಿಗೆ ಕಾಣ್ಬೇಕಲ್ಲ. ಮಂಡಿಯಲ್ಲಿ ಚೀಲ ನೋಡ್ದೇ ಲೆಕ್ಕ ಬರೀತೀವಾ ನಾವು’ ಎಂದರು. ಅವರ ಮಾತಿನಲ್ಲಿ ತಪ್ಪೇನಿದೆ ಹೇಳಿ? ನನಗೂ ಸರಿ ಎನ್ನಿಸಿ, ಮರುದಿನ ಬೆಳಿಗ್ಗೆ ಅವರನ್ನು ಫಿಯೆಟ್‌ನಲ್ಲಿ ಕೂರಿಸಿಕೊಂಡು ಹೊರಟೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮೊದಲು ದಾನವ್ವನ ಮನೆ. ಟ್ರಸ್ಟಿನ ಹಿರಿಯರು ಬರುತ್ತಾರೆಂದು ಸೊಸೆ ಮುಂಚೆಯೇ ಮುದುಕಿಗೆ ಇಳಕಲ್ ಸೀರೆ ಉಡಿಸಿ, ತಲೆ ಬಾಚಿ, ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಕೂರಿಸಿದ್ದಳು. ವಾಸನೆ ಬರಬಾರದೆಂದು ಊದುಬತ್ತಿ ಬೇರೆ. ಗುರುಪಾದಪ್ಪನವರು ಬಾಗಿಲಲ್ಲಿ ನಿಂತು ನಮ್ಮ ಕಡೆಯ ರಾಗದಲ್ಲೇ, ‘ಆರಾಮ್ ಅದೀರೇನವ್ವಾ’ ಎಂದು ಕೇಳಿದರು. ಮನೆಗೆ ಬಂದ ಹಿರಿಯ ಮನುಷ್ಯ ಹಾಗೆ ಕೇಳಿದರೆ ನಮ್ಮ ಕಡೆಯ ಹೆಂಗಸು ಏನು ಹೇಳುತ್ತಾಳೆ? ‘ಆರಾಮ್ ಅದೀನ್ರಿ ಯಪ್ಪಾ, ನಿಮ್ಮ ಆಶೀರ್ವಾದ’ ಎಂದಳು. ಆ ಇಳಕಲ್ ಸೀರೆಯ ಕೆಳಗೆ ಬೆನ್ನಿನಲ್ಲಿ ನನ್ನ ಅಂಗೈಯಷ್ಟಗಲದ ಹುಣ್ಣಿದೆ. ತೋರಿಸಲು ಅವಳೂ ಒಪ್ಪುವುದಿಲ್ಲ, ನೋಡಲು ಅವರೂ ಒಪ್ಪುವುದಿಲ್ಲ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಉಪ್ಪಿಟ್ಟು, ಕಾಫಿ ಆಗದೆ ಬಿಡುವುದಿಲ್ಲ ಎಂದು ಸೊಸೆ ಹಟ ಹಿಡಿದಳು. ಅಲ್ಲೇ ಹನ್ನೊಂದಾಯಿತು.

ಎರಡನೆಯದು ಆರ್.ಟಿ. ನಗರದ ಬದರುನ್ನೀಸಾ ಅವರ ಮನೆ. ಎಡಭಾಗ ಪೂರ್ತಿ ಬಿದ್ದುಹೋಗಿದೆ. ಪರಪುರುಷರು ಬಂದರೆಂದು ನಡುವೆ ಪರದೆ ಎಳೆದರು. ಗುರುಪಾದಪ್ಪನವರು ಪರದೆಗೆ ಕೈಮುಗಿದು ತಬಿಯತ್ ಹೇಗಿದೆ ಎಂದರು. ಒಳಗಿನಿಂದ ‘ಅಲ್ಲಾ ಕಾ ಶುಕರ್ ಹೈ’ ಎಂದು ಉತ್ತರ ಬಂತು. ಅದನ್ನೂ ಬರೆದುಕೊಂಡರು. ಅಲ್ಲಿ ಶಾವಿಗೆ ಪಾಯಸ. ಮೂರನೆಯದು ಹೆಬ್ಬಾಳದ ಕೆರೆಯಾಚೆ ಬ್ಯಾಟರಾಯಪ್ಪನ ಮನೆ. ದ್ರಾಕ್ಷಿ ತೋಟದ ಚಪ್ಪರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನು, ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ಅವನಾದರೂ ಬಾಯಿ ಬಿಟ್ಟು ಹೇಳುತ್ತಾನೆಂದುಕೊಂಡೆ. ‘ಇಂಗೇ ಅವ್ನಿ ಸಾಮಿ, ದೇವ್ರು ಮಡಗ್ದಂಗೆ. ಅಮ್ಮೋರು ಬತ್ತಾರೆ, ನಂಗೇನ್ ಕಮ್ಮಿ ಏಳಿ’ ಎಂದ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವನ ಹೆಂಡತಿ ಬುಟ್ಟಿ ತುಂಬ ದ್ರಾಕ್ಷಿ ತಂದು ಕಾರಿನಲ್ಲಿಟ್ಟಳು.

ಗುರುಪಾದಪ್ಪನವರ ವರದಿ ಏನೆಂದು ಹೇಳಬೇಕಿಲ್ಲ. ಒಂದು ಇಡೀ ದಿನಕ್ಕೆ ನೋಡಿದ್ದು ಮೂವರು ರೋಗಿಗಳನ್ನು; ಮೂವರೂ ತಾವು ಚೆನ್ನಾಗಿರುವುದಾಗಿ ಸ್ವತಃ ತಿಳಿಸಿದ್ದಾರೆ; ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರು ಒಂದೇ ಬೆಳಿಗ್ಗೆ ನೂರಾರು ಜನರನ್ನು ನೋಡುತ್ತಾರೆ. ಒಂದಕ್ಷರ ಸುಳ್ಳಿಲ್ಲ. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಸಿದ್ರಾಮಪ್ಪನವರು ಮಾತ್ರ ದೊಡ್ಡ ಮನಸ್ಸಿನವರು, ಅದನ್ನು ನಾನು ಎಂದೂ ಅಲ್ಲಗಳೆಯುವುದಿಲ್ಲ. ವರದಿ ಓದಿಯೂ ಕೈಬಿಡಲಿಲ್ಲ. ಅವರ ತಂದೆಯ ಪುಣ್ಯತಿಥಿ ಫೆಬ್ರವರಿ ಮೊದಲ ವಾರದಲ್ಲಿತ್ತು. ಆ ದಿನ ನಿಮ್ಮ ರೋಗಿಗಳನ್ನೆಲ್ಲ ದವಾಖಾನೆಗೇ ಕರೆಸಿರಿ, ಹಣ್ಣು ರಗ್ಗು ಹಂಚೋಣ, ಒಂದು ಫೋಟೋ ತೆಗೆಸೋಣ, ಟ್ರಸ್ಟಿನ ಎಲ್ಲರೂ ಬರುತ್ತಾರೆ, ಕಣ್ಣಾರೆ ನೋಡಿದರೆ ಯಾರೂ ತಕರಾರು ಎತ್ತುವುದಿಲ್ಲ ಎಂದರು. ಅವರು ಬರಲಾರರು, ಅದಕ್ಕೇ ಅಲ್ಲವೇ ನಾನು ಹೋಗುವುದು ಎಂದೆ. ‘ಒಂದ್ ದಿನದ ಮಾತಲ್ರೀ ಡಾಕ್ಟರ್ ಬಾಯಾರ, ಗಾಡಿ ನಾ ಕಳಸ್ತೀನಿ, ಹಮಾಲರನ್ನೂ ಕಳಸ್ತೀನಿ’ ಎಂದರು. ಅಮೀನಾ ಕೂಡ, ‘ಒಂದ್ಸಲ ತೋರಿಸಿಬಿಡೋಣ ಮೇಡಂ, ಆಮೇಲೆ ಒಂದ್ ವರ್ಷ ನೆಮ್ಮದಿ’ ಎಂದಳು. ನಾನು ಒಪ್ಪಿದೆ. ಒಪ್ಪುವಾಗ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಕಾಣೆ.

ಆ ದಿನದ ಕಥೆ ಕೇಳಿದರೆ ನೀವು ನಗುತ್ತೀರಿ. ನಗಿ, ನಾನೇನೂ ಬೇಡವೆನ್ನುವುದಿಲ್ಲ. ಎಲ್ಲರನ್ನೂ ತರುವುದು ಆಗದ ಮಾತು, ಸ್ವಲ್ಪ ಗಟ್ಟಿಯಾಗಿದ್ದ ಒಂಬತ್ತು ಜನರನ್ನು ಆರಿಸಿದೆ. ಮಂಡಿಯಿಂದ ಮೆಟಡಾರ್ ಬಂತು. ತೊಳೆದು, ಜಮಖಾನೆ ಹಾಸಿ, ಮಾವಿನೆಲೆಯ ತೋರಣ ಕೂಡ ಕಟ್ಟಿದ್ದರು. ಆದರೆ ವರ್ಷಗಟ್ಟಲೆ ಬ್ಯಾಡಗಿ ಮೆಣಸಿನಕಾಯಿ ಹೊತ್ತ ಗಾಡಿ ಅದು, ಎಷ್ಟು ತೊಳೆದರೆ ಏನು? ಮತ್ತೀಕೆರೆಯ ಹಳ್ಳದಿಣ್ಣೆಗಳಲ್ಲಿ ಒಂದು ಕುಲುಕಾಟ ಕುಲುಕಿದ ಕೂಡಲೇ ಹಲಗೆಯ ಸಂದಿಯಲ್ಲಿದ್ದ ಘಾಟೆಲ್ಲ ಮೇಲೆದ್ದಿತು. ಒಳಗಿದ್ದವರೆಲ್ಲ ಸೀನತೊಡಗಿದರು. ಡ್ರೈವರ್ ಸೀನಿದ, ಅಮೀನಾ ಸೀನಿದಳು, ನಾನು ಸ್ಟೆತೋಸ್ಕೋಪ್ ಹಿಡಿದುಕೊಂಡು ಯಾರ ಎದೆಯ ಮೇಲೂ ಇಡಲಾಗದೆ ಸೀನಿದೆ. ಬ್ಯಾಟರಾಯಪ್ಪನಿಗೆ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿದ್ದರೂ, ಹಿಂದಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ರಸ್ತೆಯ ಬದಿಯ ಒಂದೊಂದೇ ಮರವನ್ನು ತೋರಿಸಿ ಇದು ಆವಾಗ ಗಿಡ ಇತ್ತು, ಇದು ಆವಾಗ ಇರಲೇ ಇಲ್ಲ ಎನ್ನುತ್ತಿದ್ದ.

ದವಾಖಾನೆಯ ಬೆಂಚಿನ ಮೇಲೆ ಸಾಲಾಗಿ ಕೂರಿಸಿದೆವು, ಕೂರಲಾಗದವರನ್ನು ಚಾಪೆಯ ಮೇಲೆ ದಿಂಬು ಕೊಟ್ಟು ಮಲಗಿಸಿದೆವು. ದಾನವ್ವನ ಪಕ್ಕಕ್ಕೆ ಬದರುನ್ನೀಸಾ ಬಂದರು. ಅವರಿಬ್ಬರೂ ನನ್ನ ಬಾಯಲ್ಲಿ ಒಬ್ಬರ ಹೆಸರನ್ನೊಬ್ಬರು ಕೇಳಿದ್ದವರೇ ಹೊರತು ಮುಖ ನೋಡಿದವರಲ್ಲ. ಇಬ್ಬರಿಗೂ ಇನ್ನೂ ಸೀನು ನಿಂತಿರಲಿಲ್ಲ. ದಾನವ್ವ ಸೀನಿ ಸುಧಾರಿಸಿಕೊಂಡು, ‘ನಮ್ಮೂರಾಗ ಕಾರ ಕುಟ್ಟೂವಾಗ ಹಿಂಗಽ ಆಕ್ಕೈತಿ’ ಎಂದಳು. ಬದರುನ್ನೀಸಾ ಸರಿಯಿದ್ದ ಕೈಯಿಂದ ತಮ್ಮ ದುಪಟ್ಟಾದ ತುದಿ ಎತ್ತಿ ಅವಳ ಮೂಗು ಒರೆಸಿದರು. ಆಮೇಲೆ ಇಬ್ಬರೂ ನಗಲು ಶುರು ಮಾಡಿದರು ನೋಡಿ. ಹೊಟ್ಟೆ ಹಿಡಿದುಕೊಂಡು ನಗುವುದು ಎನ್ನುತ್ತಾರಲ್ಲ, ಹಾಗೆ. ಸೊಸೆಯಂದಿರ ವಿಷಯ, ಹಾಸಿಗೆ ಒದ್ದೆಯಾಗುವ ವಿಷಯ, ತಮ್ಮ ಗಂಡಂದಿರು ಸತ್ತ ವಿಷಯ, ಎಲ್ಲ ಮಾತಾಡಿದರು. ಒಬ್ಬರದು ದಖನಿ, ಒಬ್ಬರದು ಬಾದಾಮಿ ಕನ್ನಡ. ಏನು ಅರ್ಥವಾಯಿತೋ ಏನೋ. ಇಷ್ಟು ವರ್ಷದಲ್ಲಿ ದಾನವ್ವ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಟ್ರಸ್ಟಿನವರೆಲ್ಲ ಬಂದರು. ನೋಡಿದ್ದು ಆ ನಗುವನ್ನೇ. ಹಣ್ಣು ಹಂಚಿದರು, ರಗ್ಗು ಹೊದಿಸಿದರು, ಫೋಟೋದವನು ಎಲ್ಲರಿಗೂ ಸ್ವಲ್ಪ ನಗಿ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ. ಸಿದ್ರಾಮಪ್ಪನವರ ಕಣ್ಣಲ್ಲಿ ನೀರು ಬಂತು, ಅದು ಮೆಣಸಿನಕಾಯಿಯದಲ್ಲ. ಮಾತಾಡಲು ಎದ್ದು ನಿಂತರು. ನಮ್ಮ ಅಪ್ಪನ ಪುಣ್ಯತಿಥಿಗೆ ಇಂಥ ಸಂತೋಷ ನೋಡಿದ್ದಿಲ್ಲ, ಈ ತಾಯಂದಿರು ಇಷ್ಟು ದೂರದಿಂದ ಬಂದು ಈ ಒಂದು ಮುರುಕಲು ಬೆಂಚಿನ ಮೇಲೆ ಕೂರಬೇಕೇ, ಇವರಿಗಾಗಿ ನಮ್ಮ ಟ್ರಸ್ಟ್ ಪಕ್ಕದ ಖಾಲಿ ಜಾಗದಲ್ಲಿ ಒಂದು ದೊಡ್ಡ ಕಾಯುವ ಕೋಣೆ ಕಟ್ಟಿಸುತ್ತದೆ, ಫ್ಯಾನು, ಕುಡಿಯುವ ನೀರು, ಒರಗುವ ಬೆಂಚು, ಬಾಗಿಲ ಮೇಲೆ ಅಪ್ಪನ ಹೆಸರಿನ ಅಮೃತಶಿಲೆಯ ಫಲಕ, ಮುಂದಿನ ವರ್ಷದ ಹಣವೆಲ್ಲ ಇದಕ್ಕೇ ಎಂದರು. ಚಪ್ಪಾಳೆಯೋ ಚಪ್ಪಾಳೆ. ಬ್ಯಾಟರಾಯಪ್ಪನೂ ಮಲಗಿದಲ್ಲೇ ತಟ್ಟಿದ. ಗುರುಪಾದಪ್ಪನವರು ನನ್ನ ಹತ್ತಿರ ಬಂದು ಮೆಲ್ಲಗೆ, ‘ನೋಡಿದ್ರೇನಮ್ಮಾ, ಬರೋಕೆ ಆಗಲ್ಲ ಅಂತಿದ್ರಿ, ಬಂದ್ರಲ್ಲ. ಇನ್ನು ಪೆಟ್ರೋಲ್ ಖರ್ಚು ಯಾಕೆ’ ಎಂದರು. ಅವರ ಮುಖದಲ್ಲಿ ಕುಹಕವಿರಲಿ ಎಂದು ಹುಡುಕಿದೆ, ಬೈಯಲಾದರೂ ಒಂದು ನೆಪ ಸಿಗುತ್ತಿತ್ತು. ಇರಲಿಲ್ಲ, ಪಾಪ, ನಿಜವಾಗಿಯೂ ಸಂತೋಷಪಟ್ಟಿದ್ದರು.

ಮೈ ಪರಚಿಕೊಳ್ಳುವುದೊಂದು ಬಾಕಿ. ಬರಲಾರದವರು ಇದ್ದಾರೆಂದು ತೋರಿಸಲು ಅವರನ್ನು ಎತ್ತಿ ತಂದೆ. ತಂದ ಮೇಲೆ ಅವರು ಬರಬಲ್ಲವರಾದರು. ತರದಿದ್ದರೆ ಅವರು ಇಲ್ಲವೇ ಇಲ್ಲ. ಇದಕ್ಕೆ ಯಾರ ಮೇಲೆ ಸಿಟ್ಟಾಗಲಿ ಹೇಳಿ?

ಜನವೆಲ್ಲ ಹೋದ ಮೇಲೆ ಸಿದ್ರಾಮಪ್ಪನವರನ್ನು ನಿಲ್ಲಿಸಿಕೊಂಡು ಗಂಟಲು ಬಿದ್ದುಹೋಗುವಷ್ಟು ಹೇಳಿದೆ. ಈ ಒಂಬತ್ತು ಜನರನ್ನು ತರಲು ಹನ್ನೆರಡು ಹಮಾಲರು ಬೇಕಾದರು, ಮಿಕ್ಕವರು ಮಂಚದಿಂದಲೂ ಇಳಿಯುವ ಸ್ಥಿತಿಯಲ್ಲಿಲ್ಲ, ಕಾಯುವ ಕೋಣೆಯಲ್ಲಿ ಕಾಯುವವರು ಯಾರು ಎಂದೆ. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಕೋಣೆಯ ಬದಲು ನಿಮ್ಮ ತಂದೆಯವರ ಹೆಸರನ್ನು ನಮ್ಮ ಕಾರಿನ ಎರಡೂ ಬಾಗಿಲಿನ ಮೇಲೆ ದೊಡ್ಡದಾಗಿ ಬರೆಸಿರಿ, ಕಲ್ಲಿನ ಫಲಕವನ್ನು ಇಲ್ಲಿಗೆ ಬಂದವರು ಮಾತ್ರ ಓದುತ್ತಾರೆ, ಕಾರಾದರೆ ಹೆಬ್ಬಾಳದಿಂದ ಬಾಗಲೂರಿನವರೆಗೆ ಊರೂರಲ್ಲಿ ಓದುತ್ತಾರೆ ಎಂದೆ. ಅವರ ಮುಖ ಅರಳಿತು. ಗೆದ್ದೆ ಎಂದುಕೊಂಡೆ. ಒಂದು ಕ್ಷಣ ಯೋಚಿಸಿ, ‘ಅಲ್ರೀ ಬಾಯಾರ, ಮಳಿಗಾಲದಾಗ ಅಪ್ಪನ ಹೆಸರಿನ ಮ್ಯಾಲೆ ರಾಡಿ ಹಾರೂದಿಲ್ಲೇನ್ರೀ’ ಎಂದರು. ಗುರುಪಾದಪ್ಪನವರು ಕಾರಿಗೆ ವರ್ಷವರ್ಷ ಬೆಲೆ ಇಳಿಯುತ್ತದೆ, ಕಟ್ಟಡಕ್ಕೆ ಏರುತ್ತದೆ ಎಂದು ಸೇರಿಸಿದರು. ಅಲ್ಲಿಗೆ ಮುಗಿಯಿತು.

ನಿಮ್ಮೊಬ್ಬರಿಗೆ ಒಂದು ಮಾತು ಹೇಳುತ್ತೇನೆ, ಟ್ರಸ್ಟಿನವರಿಗೆ ಹೇಳಲಾರೆ. ಆ ಕೋಣೆಯ ಆಸೆ ನನ್ನ ರೋಗಿಗಳಿಗೂ ಇದೆ. ಅಮೀನಾ ಹೋದಾಗಲೆಲ್ಲ ದಾನವ್ವ ‘ಆ ಬೀಬಿ ಹೆಂಗದಾಳ’ ಎಂದು ವಿಚಾರಿಸುತ್ತಾಳಂತೆ. ಬದರುನ್ನೀಸಾ ಮತ್ತೆ ಯಾವಾಗ ಗಾಡಿ ಬರುತ್ತದೆ ಎನ್ನುತ್ತಾರಂತೆ. ಅವರ ಮನೆಗೆ ಔಷಧಿ ಹೋಗಬೇಕು, ಡ್ರೆಸಿಂಗ್ ಹೋಗಬೇಕು ಎಂದು ಯೋಚಿಸಿದ್ದೆನೇ ಹೊರತು ಅವರಿಗೆ ಹೊರಗೆ ಬರುವ ಆಸೆ ಇದ್ದೀತು ಎಂದು ನನಗೆ ಹೊಳೆದೇ ಇರಲಿಲ್ಲ. ಕೋಣೆ ಇದ್ದರೆ ಒಳ್ಳೆಯದೇ. ಆದರೆ ಅಲ್ಲಿಗೆ ಬರಲು ಗಾಡಿ ಬೇಕು, ಎತ್ತುವವರು ಬೇಕು, ಬರುವ ತನಕ ಅವರು ಬದುಕಿರಬೇಕು. ಅದಕ್ಕೆ ದುಡ್ಡಿಲ್ಲ. ಇಟ್ಟಿಗೆಗೆ ಇದೆ.

ಕಳೆದ ವಾರ ಟ್ರಸ್ಟಿನಿಂದ ಒಪ್ಪಿಗೆ ಕೇಳಿ ಪತ್ರ ಬಂತು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ನಿಮ್ಮ ಸಲಹೆ ಬರುವ ಮೊದಲೇ ನಾನು ಉತ್ತರ ಕಳಿಸಿಯಾಗಿದೆ. ಕೋಣೆ ಬೇಡ, ಪೆಟ್ರೋಲು ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಇಷ್ಟು ದಿನ ಕೊಟ್ಟದ್ದಕ್ಕೆ ಶರಣು ಎಂದು ಬರೆದೆ. ದುಡುಕಿದಳು ಎನ್ನುತ್ತೀರಿ. ಅನ್ನಿ. ಆ ಕಟ್ಟಡ ನಿಂತ ದಿನದಿಂದ ಊರಿಗೆಲ್ಲ ನನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದೇ ಕಾಣುತ್ತದೆ, ಮತ್ತೆ ಒಬ್ಬರೂ ಒಂದು ಲೀಟರ್ ಪೆಟ್ರೋಲು ಹಾಕಿಸುವುದಿಲ್ಲ.

ನಿಮ್ಮ ಪಕ್ಕದ ಕೋಣೆಯ ಮಾತು. ನೀವು ಮನಸಾರೆ ಕರೆದಿದ್ದೀರಿ ಎಂದು ನಂಬುತ್ತೇನೆ. ನಾನು ಅಲ್ಲಿ ಬಂದು ಕೂತರೆ ಕಾಲಿದ್ದವರು ನಡೆದು ಬರುತ್ತಾರೆ, ನಾನು ಮದ್ದು ಬರೆಯುತ್ತೇನೆ, ಸಂಜೆ ನಾವಿಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತೇವೆ. ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಇಲ್ಲಿ ಮೂವತ್ತು ಮನೆಗಳಲ್ಲಿ ಕಾರಿನ ಸದ್ದಿಗೆ ಕಿವಿಗೊಟ್ಟು ಮಲಗಿದವರಿದ್ದಾರೆ. ಅವರಿಗೆ ಏನು ಹೇಳಿ ಬರಲಿ? ಏಪ್ರಿಲ್‌ನಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ಸದ್ಯಕ್ಕೆ ಮನೆಮನೆಯ ಭೇಟಿ ನಿಂತಿಲ್ಲ, ನಡೆಯುತ್ತಿದೆ.

ನಿಮ್ಮಿಂದ ನನಗೆ ಏನೂ ಬೇಡ. ಸಿದ್ರಾಮಪ್ಪನವರು ಮತ್ತೆ ಸಿಕ್ಕರೆ ನಿಮ್ಮ ಹೆಂಡತಿಯ ಪರವಾಗಿ ಒಂದು ಮಾತು ಆಡಿದರೆ ಸಾಕು. ಇಲ್ಲಿ ಎಲ್ಲ ಕ್ಷೇಮ, ನನ್ನ ಆರೋಗ್ಯ ಚೆನ್ನಾಗಿದೆ. ಬೇಸಿಗೆ ಬಂತು, ನೀವು ಊಟದ ಹೊತ್ತು ತಪ್ಪಿಸಬೇಡಿ.

ಸಿಟ್ಟಿನಲ್ಲೂ ನಿಮ್ಮವಳೇ,
ನೀಲಾಂಬಿಕೆ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಅಮೀನಾ ಈ ಕಾಗದ ಓದಿದಳು. ‘ಮುಖ್ಯವಾದದ್ದನ್ನೇ ಬರ್ದಿಲ್ಲ ಮೇಡಂ. ನೀವು ಬರೀತೀರೋ, ಇಲ್ಲಾ ನಾನೇ ಸಾರ್‌ಗೆ ಟ್ರಂಕ್ ಕಾಲ್ ಮಾಡ್ಲೋ’ ಎಂದು ಪಕ್ಕದಲ್ಲೇ ನಿಂತಿದ್ದಾಳೆ. ಬರೆಯುತ್ತೇನೆ. ಆರೋಗ್ಯ ಚೆನ್ನಾಗಿದೆ ಎಂದದ್ದು ಸುಳ್ಳು. ಆ ದಿನ ದಾನವ್ವನನ್ನು ಮೆಟಡಾರಿನಿಂದ ಇಳಿಸುವಾಗ ಹಮಾಲರ ಹಿಡಿತ ಜಾರಿತು, ಕೆಳಗೆ ನಿಂತಿದ್ದ ನಾನು ಅವಳ ಭಾರವನ್ನೆಲ್ಲ ಹಿಡಿದೆ. ಅವಳಿಗೆ ಏನೂ ಆಗಲಿಲ್ಲ. ನನ್ನ ಸೊಂಟದಲ್ಲಿ ಛಳಕ್ ಎಂದಿತು. ಸಂಜೆ ಹೇಗೋ ಮೆಟ್ಟಿಲು ಹತ್ತಿ ಮೇಲೆ ಬಂದು ಮಲಗಿದವಳು ಇವತ್ತಿನವರೆಗೂ ಎದ್ದಿಲ್ಲ. ಅಕ್ಷರ ವಕ್ರವಾಗಿರುವುದು ಸಿಟ್ಟಿಗಲ್ಲ, ಅಂಗಾತ ಮಲಗಿ ಬರೆದದ್ದಕ್ಕೆ. ಭೇಟಿ ನಡೆಯುತ್ತಿದೆ ಎಂದೆನಲ್ಲ, ಅಮೀನಾ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಈ ಮನೆಯ ಮೆಟ್ಟಿಲು ಎಷ್ಟು ಕಿರಿದೆಂದು ನಿಮಗೆ ಗೊತ್ತು, ಮಲಗಿದವಳನ್ನು ಇಳಿಸಲಾಗುವುದಿಲ್ಲ, ಕೂತರೆ ಜೀವ ಹೋಗುತ್ತದೆ. ಅಮೀನಾ ಊರಿನ ಮೂವರು ಮೂಳೆ ಡಾಕ್ಟರಿಗೆ ಫೋನ್ ಮಾಡಿದಳು, ನನ್ನ ಹೆಸರು ಹೇಳಬೇಡ ಎಂದಿದ್ದೆ. ಇಬ್ಬರು ಕರ್ಕೊಂಡ್ ಬನ್ನಿ ನೋಡೋಣ ಎಂದರು. ಮೂರನೆಯವರು, ‘ನಾವು ಮನೆಗೆಲ್ಲ ಬರಲ್ಲಮ್ಮ, ಯಶವಂತಪುರದಲ್ಲಿ ಯಾರೋ ಲೇಡಿ ಡಾಕ್ಟರ್ ಮನೆಗೇ ಬಂದು ನೋಡ್ತಾರಂತೆ, ಅವರನ್ನ ಕೇಳಿ’ ಎಂದರಂತೆ.

ನಿನ್ನೆಯಿಂದ ಎಡಗಾಲಿನ ಹೆಬ್ಬೆರಳನ್ನು ಮೇಲೆತ್ತಲು ಆಗುತ್ತಿಲ್ಲ. ಸೊಂಟದಲ್ಲಿ ನರ ಒತ್ತಿಕೊಂಡಿದೆ ಎಂದು ಮೂಳೆ ಡಾಕ್ಟರಾದ ನಿಮಗೆ ನಾನು ಹೇಳಬೇಕಾಗಿಲ್ಲ. ನನಗೆ ಭಯವಾಗಿದೆ. ಈ ಕಾಗದವನ್ನು ಮಂಡಿಯಿಂದ ಹೊರಡುವ ಹುಬ್ಬಳ್ಳಿ ಲಾರಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ನಿಮಗೆ ಸಿಗುತ್ತದೆ. ನೀವು ಬನ್ನಿ. ಕರೆದೊಯ್ಯಲು ಅಲ್ಲ, ನೋಡಲು. ರಾತ್ರಿಯ ರೈಲು ಬೆಳಿಗ್ಗೆ ಇಲ್ಲೇ ನಿಲ್ಲುತ್ತದೆ. ಅಮೀನಾ ಬರುವುದು ಎಂಟರ ಮೇಲೆ. ಅದಕ್ಕಿಂತ ಮೊದಲು ಬಂದರೆ ಕೆಳಗಿನ ಬಾಗಿಲು ತಟ್ಟುತ್ತ ನಿಲ್ಲಬೇಡಿ, ತಳ್ಳಿ. ಅಗಳಿ ಹಾಕಿಲ್ಲ.